ಯಜಮಾನರ ಅವಸಾನವೂ ನನ್ನ ಭಾನುವಾರದ ಊಟವೂ

ಊಟಕ್ಕೆ ಕರೆಸಿಕೊಳ್ಳುವವರಲ್ಲಿ ಎರಡು ಜಾತಿ. ಮೊದಲನೆಯವರನ್ನು ಜನ ಪ್ರೀತಿಗೆ ಕರೆಯುತ್ತಾರೆ. ಅವರು ಬಂದು ಸೋಫಾದ ಮೇಲೆ ಕಾಲು ಮಡಿಸಿ ಕೂರುತ್ತಾರೆ, ಹಾಡು ಬಂದರೆ ಹಾಡುತ್ತಾರೆ, ಬರದಿದ್ದರೆ ರಾಜಕೀಯ ಮಾತಾಡುತ್ತಾರೆ, ಉಂಡು ಕೈ ತೊಳೆದು ಹೋಗುತ್ತಾರೆ. ಎರಡನೆಯವರನ್ನು ಕೆಲಸಕ್ಕೆ ಕರೆದು, ಹೇಗೂ ಊಟದ ಹೊತ್ತಾಯಿತಲ್ಲ ಎಂದು ತಟ್ಟೆ ಹಾಕುತ್ತಾರೆ. ನಾನು ಎರಡನೆಯ ಜಾತಿಯವನು, ಮತ್ತು ಇದನ್ನು ಹೇಳಿಕೊಳ್ಳಲು ನನಗೆ ಕಿಂಚಿತ್ತೂ ನಾಚಿಕೆಯಿಲ್ಲ. ಸುಮ್ಮನೆ ಊಟಕ್ಕೆ ಬನ್ನಿ ಎಂದು ಯಾರಾದರೂ ಕರೆದರೆ ನನಗೆ ದಿಗಿಲಾಗುತ್ತದೆ. ಊಟಕ್ಕೆ ಮುಂಚೆ ಕೈಯನ್ನು ಎಲ್ಲಿಟ್ಟುಕೊಳ್ಳುವುದು, ಊಟವಾದ ಮೇಲೆ ಮುಖವನ್ನು ಎಲ್ಲಿಟ್ಟುಕೊಳ್ಳುವುದು ಎಂಬ ಚಿಂತೆಯಲ್ಲೇ ಹಸಿವು ಇಂಗಿಹೋಗುತ್ತದೆ. 'ಏನಾದರೂ ಕೆಟ್ಟಿದ್ದರೆ ಹೇಳಿ, ಖಂಡಿತ ಬರ್ತೀನಿ' ಎಂದು ತಪ್ಪಿಸಿಕೊಳ್ಳುತ್ತೇನೆ. ಅದೇ ನನ್ನ ಕೈಗೊಂದು ಸ್ಕ್ರೂಡ್ರೈವರ್ ಕೊಟ್ಟು ನೋಡಿ, ಗುರುತು ಪರಿಚಯವಿಲ್ಲದವರ ಮನೆಯಲ್ಲೂ ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುವಷ್ಟು ಧೈರ್ಯ ಬಂದುಬಿಡುತ್ತದೆ.

ನನ್ನ ಕೆಲಸ ಕಂಪ್ಯೂಟರ್ ರಿಪೇರಿ. ಮೈಸೂರಿನಿಂದ ಮಲೇಷ್ಯಾಕ್ಕೆ ಬಂದು ಪುಚೊಂಗ್‌ನಲ್ಲಿ ಸಂಸಾರ ಹೂಡಿ, ಬಾಂಗ್ಸಾರ್‌ನ ಒಂದು ಆಫೀಸಿನಲ್ಲಿ 'ಡೆಸ್ಕ್‌ಟಾಪ್ ಸಪೋರ್ಟ್' ಎಂಬ ಬೋರ್ಡಿನ ಕೆಳಗೆ ಕೂತು ತಲೆಗೂದಲನ್ನೆಲ್ಲ ಉದುರಿಸಿಕೊಂಡವನು. ರಿಪೇರಿ ಎಂದರೆ ಎಲ್ಲ ಬಗೆಯದ್ದಲ್ಲ. ನನಗೆ ಗೊತ್ತಿರುವುದು ಒಂದೇ ಒಂದು ಸಿಸ್ಟಮ್ಮು. ಅದರ ಹೆಸರು ನಾನು ಹೇಳುವುದಿಲ್ಲ. ನಮ್ಮಜ್ಜಿ ಸಾಯುವವರೆಗೂ ತಾತನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ಪಡಿತರದವರು ಬಂದು ಒತ್ತಾಯ ಮಾಡಿದರೂ 'ಯಜಮಾನರು' ಎಂದಷ್ಟೇ ಹೇಳಿ ಬಾಗಿಲ ಹಿಂದೆ ಸರಿಯುತ್ತಿದ್ದರು. ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದಂತೆ. ನನಗೆ ಅನ್ನ ಹಾಕಿದವರ ಆಯುಸ್ಸು ಮೊದಲೇ ಕಡಿಮೆಯಾಗುತ್ತ ಬಂದಿರುವಾಗ ನಾನೇಕೆ ಕೈ ಹಚ್ಚಲಿ? ನಾನೂ ಯಜಮಾನರು ಎಂದೇ ಕರೆಯುತ್ತೇನೆ. ನಿಮಗೆ ಗೊತ್ತಾಗದೆ ಇರುವುದಿಲ್ಲ. ಒಂದು ಕಾಲಕ್ಕೆ ಬ್ಯಾಂಕು, ಸ್ಕೂಲು, ರೈಲ್ವೆ ಸ್ಟೇಷನ್ನು, ಸೋದರಮಾವನ ಮನೆ, ಎಲ್ಲಿ ಕಂಪ್ಯೂಟರ್ ಹಚ್ಚಿದರೂ ಪರದೆಯ ಮೇಲೆ ಎದ್ದು ಬರುತ್ತಿದ್ದವರು ಇವರೇ.

ಯಜಮಾನರ ದೊಡ್ಡಗುಣವೆಂದರೆ ಆಗಾಗ ಮುನಿಸಿಕೊಳ್ಳುವುದು. ಅವರು ಮುನಿದಾಗಲೆಲ್ಲ ಇಲ್ಲಿಯ ಕನ್ನಡದ ಮನೆಗಳಿಂದ ನನಗೆ ಫೋನು ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಹೆಂಡತಿ ಮಗಳ ಸಮೇತ ಹೋಗಿ, ಹಾಳಾದದ್ದನ್ನು ನೋಡಿ 'ಛೆ ಛೆ' ಎಂದು ತಲೆಯಾಡಿಸಿ, ಅಪ್‌ಡೇಟ್ ಓಡಲು ಬಿಟ್ಟು ಕೈ ತೊಳೆಯುತ್ತಿದ್ದೆ. ಆ ಅಪ್‌ಡೇಟಿನ ಶೇಕಡಾ ಲೆಕ್ಕಕ್ಕೂ ಬಡಿಸುವ ಕ್ರಮಕ್ಕೂ ಯಾರೋ ತಿಳಿದವರೇ ಗಂಟು ಹಾಕಿರಬೇಕು. ಹತ್ತಕ್ಕೆ ಕೋಸಂಬರಿ, ಮೂವತ್ತಕ್ಕೆ ಹುಳಿ, ಅರವತ್ತಕ್ಕೆ ಸಾರು, ತೊಂಬತ್ತೊಂಬತ್ತಕ್ಕೆ ಪಾಯಸ. ತೊಂಬತ್ತೊಂಬತ್ತರಲ್ಲಿ ಯಜಮಾನರು ಎಷ್ಟು ಹೊತ್ತು ನಿಲ್ಲುತ್ತಿದ್ದರೆಂದರೆ ಪಾಯಸ ಎರಡು ಸುತ್ತಾಗಿ, ಮೊಸರನ್ನವಾಗಿ, ಮನೆಯವರು ಒಂದು ನಿದ್ದೆ ತೆಗೆದು ಎದ್ದು ಕಾಫಿಗಿಟ್ಟರೂ ಅಲ್ಲೇ ಇರುತ್ತಿದ್ದರು. ಒಂದು ಮನೆಯಲ್ಲಿ ರಾತ್ರಿಯ ಚಪಾತಿಯನ್ನೂ ಮುಗಿಸಿಕೊಂಡು ಬಂದಿದ್ದೇವೆ. ಯಾರ ಮುಖದಲ್ಲೂ ಬೇಸರವಿರಲಿಲ್ಲ. ಡಾಕ್ಟರು ರೋಗಿಯ ಪಕ್ಕದಲ್ಲಿದ್ದಾರೆ ಎಂಬ ಗೌರವ.

ಆಮೇಲೆ ಬಂದವಲ್ಲ, ಅಗ್ಗದ ಲ್ಯಾಪ್‌ಟಾಪುಗಳು! ಅಕ್ಕಿರೊಟ್ಟಿಯಷ್ಟು ತೆಳ್ಳಗೆ. ಒಳಗೆ ಏನೂ ಇಲ್ಲ, ಇಂಟರ್ನೆಟ್ ತೆರೆದರೆ ಅದೇ ಸರ್ವಸ್ವ. ಅವುಗಳ ಬೆನ್ನಿಗೆ ಪುಕ್ಕಟೆ ಸಿಸ್ಟಮ್ಮುಗಳು. ಕಾಲೇಜಿನ ಮಕ್ಕಳು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಪ್ರಸಾದದಂತೆ ಹಂಚಿದರು. ಇವು ಕೆಡುವುದಿಲ್ಲ. ಕೆಟ್ಟರೂ ಬಟನ್ ಒತ್ತಿ ಹಿಡಿದರೆ ಸರಿಹೋಗುತ್ತವೆ. ಸರಿಹೋಗದಿದ್ದರೆ ಜನ ಅದನ್ನೆಸೆದು ಇನ್ನೊಂದು ತರುತ್ತಾರೆ. ನೀವೇ ಹೇಳಿ, ಇದು ಯಾವ ಸಂಸ್ಕೃತಿ? ಯಜಮಾನರಾದರೂ ಸ್ವಲ್ಪ ತಗ್ಗಿ ಬಗ್ಗಿ ನಡೆದರೇ? ಇಲ್ಲ. ಹೊಸ ಅವತಾರ ತಾಳಿ, ನಿಮ್ಮ ಹಳೆಯ ಕಂಪ್ಯೂಟರ್ ನನಗೆ ಒಗ್ಗುವುದಿಲ್ಲ, ಹೊಸದು ತನ್ನಿ ಎಂದು ಹಟ ಹಿಡಿದರು. ಜನ ಹೊಸದನ್ನು ತಂದರು, ಆದರೆ ಬೇರೆಯವರದ್ದನ್ನು ತಂದರು. ಭಾನುವಾರದ ಫೋನು ನಿಂತೇಹೋಯಿತು. ಟೂಲ್ ಕಿಟ್ಟನ್ನು ಒರೆಸಿ ಒರೆಸಿ ಇಡುತ್ತ, ನಾನು ಇನ್ನು ಯಾರಿಗೂ ಬೇಡವಾದೆ ಎಂದು ನನಗೆ ನಿಜವಾಗಿಯೂ ಅನ್ನಿಸತೊಡಗಿತು.

ನಮ್ಮ ಮನೆಯ ಡೆಸ್ಕ್‌ಟಾಪೂ ಅದೇ ಸುಮಾರಿನಲ್ಲಿ ಹೊರಟುಹೋಯಿತು. ಅದೊಂದು ಕರಿಯ ಡಬ್ಬ. ಎಲ್ಲ ಡೆಸ್ಕ್‌ಟಾಪುಗಳೂ ಕರಿಯ ಡಬ್ಬಗಳೇ. ಆದರೆ ಅದರೊಂದಿಗೆ ನಮ್ಮ ಸಂಸಾರ ಬೆಳೆದಿತ್ತು. ಮಗಳು ಚಾರು ಚಿಕ್ಕವಳಿದ್ದಾಗ ಅಮ್ಮನ ಸ್ಟಿಕ್ಕರ್ ಬೊಟ್ಟುಗಳನ್ನು ಕದ್ದು ಕಂಡ ಕಂಡದ್ದಕ್ಕೆಲ್ಲ ಅಂಟಿಸುತ್ತಿದ್ದಳು. ಫ್ರಿಜ್ಜಿಗೆ, ಕುಕ್ಕರಿಗೆ, ನಾನು ಮಲಗಿದ್ದಾಗ ನನ್ನ ಬೋಳುತಲೆಗೆ. ಒಂದು ಸಲ ಆಯುಧಪೂಜೆಗೆ ನಾನು ಕಂಪ್ಯೂಟರನ್ನು ಬಿಚ್ಚಿ ಧೂಳು ಹೊಡೆಯುತ್ತಿದ್ದಾಗ, ಒಳಗೆ ಪವರ್ ಸಪ್ಲೈ ಡಬ್ಬಿಯ ಮೈಮೇಲೆ ಒಂದು ಮರೂನ್ ಬೊಟ್ಟನ್ನು ಒತ್ತಿದಳು. ಕೀಳಲು ಮನಸ್ಸಾಗದೆ ಹಾಗೇ ಮುಚ್ಚಿದ್ದೆ. ಈಗ ಅವಳು ಫಾರ್ಮಸಿ ಓದುತ್ತಾಳೆ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. 'ಅಪ್ಪಾ, ನೋಬಡಿ ಯೂಸಸ್ ದಟ್ ಎನಿಮೋರ್ ಲಾ' ಎಂದಳು, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಎಳೆದು. ಒಂದು ದಿನ ಆಫೀಸಿನಿಂದ ಬಂದು ನೋಡಿದರೆ ಮೇಜು ಖಾಲಿ. 'ಹಳೇ ಪೇಪರ್ ಲಾರಿಯವನಿಗೆ ಕೊಟ್ಟೆ ಕಣ್ರೀ' ಎಂದಳು ಹೆಂಡತಿ ಪಂಕಜ. 'ಸುರತ್ ಖಬರ್ ಲಾಮಾ' ಎಂದು ಮೈಕಿನಲ್ಲಿ ಕೂಗಿಕೊಂಡು ಬೀದಿ ಸುತ್ತುವ ಆ ಲಾರಿಯ ದನಿ ಆಮೇಲೆ ಎಷ್ಟೋ ದಿನ ನನ್ನ ಎದೆಗೆ ಚುಚ್ಚುತ್ತಿತ್ತು.

ಗಾಯದ ಮೇಲೆ ಬರೆ ಎಂಬಂತೆ ಆಫೀಸಿನಲ್ಲಿ ನಮ್ಮ ಮ್ಯಾನೇಜರ್ ಮಿಸ್ ಚೋಂಗ್ ಕರೆಸಿದಳು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು, ಸಂಬಳದಲ್ಲಿ ನನಗಿಂತ ಬಹಳ ದೊಡ್ಡವಳು. 'ಅಂಕಲ್, ಎಲ್ಲ ಮೇಜಿಗೂ ಚೀಪ್ ಲ್ಯಾಪ್‌ಟಾಪ್ ತರಿಸ್ತಾ ಇದೀನಿ ಲಾ. ನೀವು ಹೊಸ ಸಿಸ್ಟಮ್ ಕೋರ್ಸಿಗೆ ಹೋಗಿ. ಹೋಗಲ್ಲ ಅಂದ್ರೆ ಸ್ಟೋರ್ ರೂಮ್ ನೋಡ್ಕೊಳ್ಳಿ' ಎಂದು ಇಂಗ್ಲಿಷಿನಲ್ಲಿ ಬಹಳ ವಿನಯವಾಗಿ ಹೇಳಿದಳು. ಒಂದು ದೇವಸ್ಥಾನದಲ್ಲಿ ಮುದುಕನಾದ ಅರ್ಚಕನನ್ನು ಕರೆದು, ನಾಳೆಯಿಂದ ಎದುರಿನ ಮಾಲ್‌ನಲ್ಲಿ ಲಿಫ್ಟ್ ಒತ್ತಿ ಎಂದ ಹಾಗಾಯಿತು. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಅದೇ ವಾರ ಪವಾಡ ನಡೆಯಿತು. ಬಾಂಗ್ಸಾರ್‌ನಲ್ಲಿರುವ ಹುಬ್ಬಳ್ಳಿಯ ಪಾಟೀಲರ ಫೋನು. 'ಸರ್, ನಮ್ಮ ಕಂಪ್ಯೂಟರ್ ಕೆಟ್ಟೈತ್ರಿ. ಐತಾರ ಬರ್ರಲ್ಲ, ಅಕ್ಕಾರ್ನ್ ಕರ್ಕೊಂಡು. ರೊಟ್ಟಿ ಮಾಡಸ್ತೀನಿ.' ಹೋಗಿ ನೋಡಿದರೆ ಕಸೂತಿ ಹಾಕಿದ ಬಟ್ಟೆ ಹೊದ್ದು, ನವವಧುವಿನಂತೆ ಒಂದು ಡೆಸ್ಕ್‌ಟಾಪ್ ಕೂತಿದೆ! ಹಚ್ಚಿದರೆ ಯಜಮಾನರು ತಲೆಕೆಳಗಾಗಿ ನಿಂತಿದ್ದಾರೆ. ಅಕ್ಷರ, ಚಿತ್ರ, ಎಲ್ಲ ಉಲ್ಟಾ. 'ಪಾಸ್‌ವರ್ಡ್ ಏನ್ರೀ?' ಎಂದೆ. ಪಾಟೀಲರು ಒಂದು ಕ್ಷಣ ತಬ್ಬಿಬ್ಬಾಗಿ, 'ಅದನ್ನ ಅಕ್ಕಾರ್ನ್ ಕೇಳಬೇಕ್ರಿ' ಎಂದು ಪಂಕಜಳ ಕಡೆ ಕೈ ಮಾಡಿದರು. ಅವಳು ತಟ್ಟನೆ ಹೇಳಿದಳು. ಹೆಂಗಸರು ಏನೇನನ್ನೆಲ್ಲ ಹಂಚಿಕೊಳ್ಳುತ್ತಾರಪ್ಪ ಎಂದು ಬೆರಗಾಗಿ ನಾನು ಕೆಲಸಕ್ಕೆ ಕೂತೆ. ಸರಿಯಾಗುವ ಹೊತ್ತಿಗೂ ಎಣ್ಣೆಗಾಯಿ ಮೇಜಿಗೆ ಬರುವ ಹೊತ್ತಿಗೂ ಸರಿಹೋಯಿತು.

ಮುಂದಿನ ಭಾನುವಾರ ಪುತ್ರಜಯಾದ ವಾರಿಜಕ್ಕ. ಉಡುಪಿಯ ಕಡೆಯವರು. ಅವರ ಮನೆಯಲ್ಲೂ ಒಂದು ಡೆಸ್ಕ್‌ಟಾಪ್, ಬಾಟಿಕ್ ಬಟ್ಟೆ ಹೊದಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದರು, ಮಿಕ್ಸಿಯ ಪ್ಲಗ್ ಕಿತ್ತು ಇದರದ್ದನ್ನು ಹಾಕಿದ್ದರು. ಅಲ್ಲಿ ಯಜಮಾನರಿಗೆ ಮರೆವು ಹಿಡಿದಿತ್ತು: ಇಸವಿ ಯಾವುದೋ ಓಬಿರಾಯನ ಕಾಲದ್ದು, ಮೌಸಿನ ಬಲಕ್ಕೆ ಒತ್ತಿದರೆ ಎಡದ ಕೆಲಸ. 'ಇದರಲ್ಲಿ ನೀವು ಏನು ಕೆಲಸ ಮಾಡ್ತೀರಿ ವಾರಿಜಕ್ಕ?' ಎಂದು ಕೇಳಿದೆ. 'ಎಂತ ಕೆಲಸವೂ ಇಲ್ಲ ಮಾರಾಯ್ರೆ. ಅದೊಂದು ಇದ್ರೆ ಮನೆಗೆ ಒಂದು ಲಕ್ಷಣ ಅಲ್ವಾ?' ಎಂದರು. ಆಹಾ, ಎಂಥ ಮಾತು! ಇಂಥವರು ಇರುವವರೆಗೆ ಯಜಮಾನರಿಗೆ ಸಾವಿಲ್ಲ ಎಂದುಕೊಂಡೆ. ಹೀಗೆ ಭಾನುವಾರಕ್ಕೊಂದು ಮನೆ ಶುರುವಾಯಿತು.

ಇಲ್ಲಿ ಬ್ಲೌಸ್ ಪೀಸಿನ ವಿಚಾರ ಒಂದು ಮಾತು ಹೇಳಬೇಕು, ಮುಖ್ಯ ಕಥೆಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಆಗ ನಾನು ತಿಳಿದಿದ್ದೆ. ನಮ್ಮ ಹೆಂಗಸರು ಅರಿಶಿನ ಕುಂಕುಮದ ಜೊತೆ ಕೊಡುವ ಬ್ಲೌಸ್ ಪೀಸನ್ನು ಯಾರೂ ಹೊಲಿಸುವುದಿಲ್ಲ. ಅದು ಹೊಲಿಸಲಿಕ್ಕಿರುವುದೂ ಅಲ್ಲ. ವರಮಹಾಲಕ್ಷ್ಮಿಗೆ ಪಂಕಜ ಕೊಟ್ಟ ಗಿಣಿಹಸಿರು ಪೀಸು ವಾರಿಜಕ್ಕನಿಂದ ಇನ್ನೊಬ್ಬರಿಗೆ, ಅವರಿಂದ ಪಾಟೀಲರ ಹೆಂಡತಿಗೆ, ಹೀಗೆ ನಾವೆಲ್ಲ ವಾಸವಿರುವ ಇಡೀ ಕ್ಲಾಂಗ್ ಕಣಿವೆಯನ್ನು ಸುತ್ತಿ ನವರಾತ್ರಿಗೆ ಮಡಿಕೆ ಮುರಿಯದೆ ನಮ್ಮ ಮನೆಗೇ ಬಂದಿತ್ತು. ಅಂಚಿನಲ್ಲಿದ್ದ ಅರಿಶಿನದ ಕಲೆಯಿಂದ ಗುರುತು ಸಿಕ್ಕಿತು. ನಾನು ಹೊಟ್ಟೆ ಹಿಡಿದು ನಕ್ಕೆ. 'ನಗಬೇಡಿ. ಬಟ್ಟೆಗೆ ಅಲ್ಲ ಬೆಲೆ, ಕೂರಿಸಿ ಕುಂಕುಮ ಕೊಡೋದಕ್ಕೆ ಒಂದು ನೆಪ ಬೇಕಲ್ಲ' ಎಂದು ಪಂಕಜ ಗದರಿದಳು.

ಸರಿ, ಯಜಮಾನರ ಪುನರುತ್ಥಾನದಿಂದ ನನಗೆ ಹತ್ತು ಆನೆ ಬಲ ಬಂದಿತ್ತು. ಮೂಲೆಯ ಮಾಮಕ್ ಹೋಟೆಲಿನಲ್ಲಿ ನೊರೆನೊರೆಯಾದ ತೆಹ್ ತಾರಿಕ್ ಚಹಾ ಕುಡಿಯುತ್ತ, ಪರಿಚಯವಿಲ್ಲದವರಿಗೂ 'ನೋಡ್ತಾ ಇರಿ, ಹಳೇದೇ ಗಟ್ಟಿ' ಎಂದು ಉಪದೇಶ ಮಾಡತೊಡಗಿದೆ. ಸುಮ್ಮನಿರಲಾರದೆ ಮಿಸ್ ಚೋಂಗ್ ಬಳಿ ಹೋಗಿ, 'ಕೋರ್ಸು ಬೇಡ. ಆ ಲ್ಯಾಪ್‌ಟಾಪುಗಳೂ ಬೇಡ. ಪುತ್ರಜಯಾದಲ್ಲೇ ಮತ್ತೆ ಹಳೆಯ ಸಿಸ್ಟಮ್ಮಿಗೆ ಹೋಗಿದ್ದಾರೆ, ನಾನೇ ಕಣ್ಣಾರೆ ನೋಡಿ ಬಂದೆ' ಎಂದುಬಿಟ್ಟೆ. ನನ್ನ ಮನಸ್ಸಿನಲ್ಲಿದ್ದದ್ದು ವಾರಿಜಕ್ಕನ ಅಡುಗೆಮನೆ. ಆದರೆ ಈ ದೇಶದಲ್ಲಿ ಪುತ್ರಜಯಾ ಎಂದರೆ ಸಾಕ್ಷಾತ್ ಸರಕಾರ, ಮಂತ್ರಿಗಳೆಲ್ಲ ಇರುವ ಊರು. ಮಿಸ್ ಚೋಂಗ್ ಬೆಚ್ಚಿ ಕುರ್ಚಿಯಿಂದ ಎದ್ದಳು. 'ಪುತ್ರಜಯಾ? ರಿಯಲೀ ಆ?' ಎಂದವಳು ಲ್ಯಾಪ್‌ಟಾಪಿನ ಆರ್ಡರನ್ನು ತಡೆಹಿಡಿದು, ಸೋಮವಾರದ ಮೀಟಿಂಗಿನಲ್ಲಿ ದೊಡ್ಡವರ ಮುಂದೆ ಈ ಸುದ್ದಿಯನ್ನು ನಾನೇ ಹೇಳಬೇಕೆಂದಳು. ನಾನು ಎದೆಯುಬ್ಬಿಸಿ ಹೊರಗೆ ಬಂದೆ.

ಆ ಸೋಮವಾರದ ಹಿಂದಿನ ದಿನ ಮತ್ತೆ ಪಾಟೀಲರ ಮನೆ. ಈ ಸಲ ಯಜಮಾನರಿಗೆ ಜೀವವೇ ಇಲ್ಲ. ಬಟನ್ ಒತ್ತಿದರೆ ಮಿಣುಕು ದೀಪವೂ ಇಲ್ಲ. ಇಷ್ಟು ವಾರವೂ ಪರದೆಯ ಮೇಲಿನ ತೊಂದರೆಗಳೇ ಆಗಿದ್ದರಿಂದ ಯಾವ ಮನೆಯಲ್ಲೂ ಡಬ್ಬ ಬಿಚ್ಚುವ ಪ್ರಮೇಯ ಬಂದಿರಲಿಲ್ಲ. ಇವತ್ತು ಸ್ಕ್ರೂಡ್ರೈವರಿಗೆ ಕೆಲಸ ಬಂತೆಂಬ ಉತ್ಸಾಹದಲ್ಲಿ ಮುಚ್ಚಳ ತೆಗೆದು ಟಾರ್ಚ್ ಹಾಯಿಸಿದೆ. ಒಳಗಡೆ ಒಂದು ವಯರನ್ನು ಯಾರೋ ಜೋಪಾನವಾಗಿ ಕಿತ್ತು ಪಕ್ಕಕ್ಕೆ ಮಡಿಸಿಟ್ಟಿದ್ದರು. ಅದರ ಹಿಂದೆ, ಪವರ್ ಸಪ್ಲೈ ಡಬ್ಬಿಯ ಮೇಲೆ, ಬಣ್ಣ ಮಾಸಿದ ಒಂದು ಮರೂನ್ ಬೊಟ್ಟು ನನ್ನನ್ನೇ ನೋಡುತ್ತಿತ್ತು.

ನಾನು ತಲೆಯನ್ನು ಡಬ್ಬದೊಳಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಗಿಣಿಹಸಿರು ಬ್ಲೌಸ್ ಪೀಸು ಕಣ್ಣ ಮುಂದೆ ಬಂತು. ಪಾಸ್‌ವರ್ಡ್ ಹೇಳಿದ ಪಂಕಜ ಬಂದಳು. ಪ್ರತಿ ಶನಿವಾರ 'ತರಕಾರಿ ತರ್ತೀವಿ' ಎಂದು ತಾಯಿ ಮಗಳು ಕಾರು ತೆಗೆದುಕೊಂಡು ಹೋಗಿ ಒಂದು ಕಟ್ಟು ಸೊಪ್ಪು ಹಿಡಿದು ಬರುತ್ತಿದ್ದದ್ದು ನೆನಪಾಯಿತು. ನನ್ನ ಡೆಸ್ಕ್‌ಟಾಪು ಲಾರಿ ಹತ್ತಿರಲೇ ಇಲ್ಲ. ಮನೆಯಿಂದ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗುತ್ತಿತ್ತು. ಯಜಮಾನರ ಪುನರುತ್ಥಾನ ಎಂದು ನಾನು ಊರೆಲ್ಲ ಸಾರಿದ್ದು ಇದೊಂದೇ ಡಬ್ಬವನ್ನು ನಂಬಿ. ಬಂದದ್ದು ಸಿಟ್ಟೋ ಅಳುವೋ ನನಗೇ ತಿಳಿಯಲಿಲ್ಲ.

ತಲೆ ಹೊರಗೆ ತೆಗೆದರೆ ಎದುರಿಗೆ ಪಾಟೀಲರು, ಕೈಯಲ್ಲಿ ಮಜ್ಜಿಗೆ ಲೋಟ. ನನ್ನ ಮುಖ ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು. 'ಗೊತ್ತಾತೇನ್ರಿ?' ಎಂದರು.

'ಊಟಕ್ಕೆ ಕರೀಬೇಕಾದ್ರೆ ಸುಮ್ನೆ ಕರೀಬಹುದಾಗಿತ್ತಲ್ರೀ' ಎಂದೆ. ದನಿ ಸ್ವಲ್ಪ ಏರಿತ್ತು.

'ಕರೆದಿಲ್ಲೇನ್ರಿ? ದೀಪಾವಳಿಗೆ ಕರೆದೆ, ಮಗನ ಬರ್ತ್‌ಡೇಕ್ ಕರೆದೆ. ಪ್ರತಿ ಸಲ ಏನಾರ ಕೆಟ್ಟಿದ್ರ ಹೇಳ್ರಿ ಅಂತ ಫೋನ್ ಇಟ್ರಿ. ನಮ್ಮನ್ಯಾಗ ಏನೂ ಕೆಡವಲ್ದು, ನಾವರ ಏನ್ ಮಾಡೂಣು? ಅಕ್ಕಾರು ಒಂದ್ ಹಾದಿ ಹೇಳಿದ್ರು. ಆ ಡಬ್ಬಿ ಹೊತ್ತು ಹೊತ್ತು ನಮ್ಮ ನಡಾ ಹೋಗೇತ್ರಿ' ಎಂದು ಪಾಟೀಲರು ಸೊಂಟ ಸವರಿಕೊಂಡರು. ನಾನು ಮಜ್ಜಿಗೆ ಕುಡಿದು, ವಯರನ್ನು ಸಿಕ್ಕಿಸಿ, ಮುಚ್ಚಳ ಹಾಕಿ, 'ಆಯ್ತು' ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಅಡುಗೆಮನೆಯಿಂದ ಯಾರೋ 'ಅಬ್ಬ, ಇಷ್ಟು ಬೇಗ!' ಎಂದರು. ಇಷ್ಟಾದರೂ ಊಟಕ್ಕೆ ಕೂತಾಗ ಮೂರು ರೊಟ್ಟಿ ಹೋದವು.

ಮನೆಗೆ ಬರುವಾಗ ಪಂಕಜ ಕಾರು ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಬಿಮ್ಮಗೆ ಕೂತಿದ್ದೆ. ಹಿಂದಿನ ಸೀಟಿನಿಂದ ಚಾರು ಮೆಲ್ಲಗೆ, 'ಸಾರಿ ಅಪ್ಪಾ. ನನಗೆ ಐಡಿಯಾಸ್ ಖಾಲಿ ಆಗೋಯ್ತು. ಅದಕ್ಕೇ ವಯರ್ ತೆಗೆದೆ' ಎಂದಳು.

'ಅಂದ್ರೆ ವಾರವಾರ ಕೆಡಿಸ್ತಾ ಇದ್ದದ್ದು ನೀನಾ?'

'ತುಂಬಾ ಕಷ್ಟ ಗೊತ್ತಾ? ಫಿಕ್ಸ್ ಮಾಡೋದು ಈಸಿ. ನೀನು ಫಿಕ್ಸ್ ಮಾಡೋ ಥರ ಕೆಡ್ಸೋದು ಸೋ ಹಾರ್ಡ್! ಟೂ ಈಸಿ ಆದ್ರೆ ಹತ್ತು ಗಂಟೆಗೇ ಮುಗಿಸಿ ಮನೆಗೆ ಹೋಗೋಣ ಅಂತೀಯ. ಟೂ ಹಾರ್ಡ್ ಆದ್ರೆ ನೀನು ಸ್ಯಾಡ್ ಆಗ್ತೀಯ. ಕರೆಕ್ಟಾಗಿ ಊಟದ ಟೈಮಿಗೆ ಫಿನಿಶ್ ಆಗ್ಬೇಕು. ನಿನಗೆ ಗೊತ್ತಾಗ್ಬಾರ್ದು ಅಂತ ಫೈಲ್ಸ್, ಪಾಸ್‌ವರ್ಡ್ ಎಲ್ಲಾ ಚೇಂಜ್ ಮಾಡಿದ್ದೆ. ನಾನು ನಿನ್ನ ಹಳೇ ಬುಕ್ಸ್ ಎಲ್ಲಾ ಓದಿದೆ ಅಪ್ಪಾ.'

ಇಷ್ಟು ಉದ್ದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಇಡೀ ಮಲೇಷ್ಯಾದಲ್ಲಿ ಯಜಮಾನರ ಶಾಸ್ತ್ರವನ್ನು ಹೊಸದಾಗಿ ಕಲಿಯುತ್ತಿರುವ ಏಕೈಕ ಪ್ರಾಣಿ ನನ್ನ ಮಗಳು. ಕಲಿಯುತ್ತಿರುವುದು ಅದನ್ನು ಹಾಳುಮಾಡುವುದಕ್ಕೆ, ಹಾಳುಮಾಡುತ್ತಿರುವುದು ನನಗಾಗಿ. ನನಗೆ ಬಹಳ ಸಂತೋಷವಾಯಿತು. ತೋರಿಸಿಕೊಳ್ಳಬಾರದೆಂದು ಟ್ರಾಫಿಕ್ಕನ್ನು ಬೈದೆ. 'ರಸ್ತೆ ಖಾಲಿ ಇದೆ ಕಣ್ರೀ' ಎಂದಳು ಪಂಕಜ.

ಸೋಮವಾರ ಮೀಟಿಂಗಿಗೆ ಮುಂಚೆಯೇ ಮಿಸ್ ಚೋಂಗ್ ಬಳಿ ಹೋದೆ. ಹೇಗೆ ಹೇಳುವುದೆಂದು ಬೆವರುತ್ತ, 'ಪುತ್ರಜಯಾ ಮನಸ್ಸು ಬದಲಾಯಿಸಿದೆ. ಅಲ್ಲಿ ಮತ್ತೆ ಮಿಕ್ಸಿ... ಅಂದರೆ, ಹಳೆಯ ಸಿಸ್ಟಮ್ ತೆಗೆದುಬಿಟ್ಟಿದ್ದಾರೆ. ಲ್ಯಾಪ್‌ಟಾಪ್ ತರಿಸಿ, ನಾನು ಕೋರ್ಸಿಗೆ ಹೋಗ್ತೀನಿ' ಎಂದೆ. ಅವಳು ತಲೆಯನ್ನೂ ಎತ್ತಲಿಲ್ಲ. 'ಪುತ್ರಜಯಾ ಲೈಕ್ ದಟ್ ಒನ್ ಲಾ' ಎಂದು ಆರ್ಡರಿಗೆ ಸಹಿ ಹಾಕಿದಳು.

ಈಗ ಕೋರ್ಸಿಗೆ ಹೋಗುತ್ತಿದ್ದೇನೆ. ಅಕ್ಕಿರೊಟ್ಟಿಯಂಥ ಲ್ಯಾಪ್‌ಟಾಪೊಂದನ್ನು ಮನೆಗೆ ಕೊಟ್ಟಿದ್ದಾರೆ. ಹಚ್ಚಿದ ಕೂಡಲೇ ಎದ್ದು, ಹೇಳಿದ ಕೆಲಸ ಮಾಡಿ, ಸುಮ್ಮನಾಗುತ್ತದೆ. ಇಂಥದ್ದರಿಂದ ಏನನ್ನು ಕಲಿಯುವುದು? ತಡೆಯಲಾರದೆ 'ಇದನ್ನೂ ಸ್ವಲ್ಪ ಕೆಡಿಸಿಕೊಡೇ ಮಗಳೇ' ಎಂದು ಚಾರುವನ್ನು ಕೇಳಿದ್ದೇನೆ. ಟ್ರೈ ಮಾಡುತ್ತೇನೆ ಎಂದಿದ್ದಾಳೆ. ಡೆಸ್ಕ್‌ಟಾಪು ಟವೆಲ್ ಹೊದ್ದು, ಸೀಟ್ ಬೆಲ್ಟ್ ಹಾಕಿಕೊಂಡು, ಬ್ಲೌಸ್ ಪೀಸಿನಂತೆ ಒಂದು ಸುತ್ತು ಮುಗಿಸಿ ನಮ್ಮ ಮನೆಗೇ ವಾಪಸು ಬಂದಿದೆ.

ಅಂದರೆ ಮುಂದಿನ ಭಾನುವಾರ ಸರದಿ ನಮ್ಮದು. ಇಷ್ಟು ಮನೆಗಳಲ್ಲಿ ಉಂಡು ಬಂದವನು ಒಂದು ಹೊತ್ತಾದರೂ ಹಾಕಬೇಡವೇ? ಇವತ್ತು ಪಾಟೀಲರಿಗೆ ಫೋನು ಮಾಡಿದೆ. ಊಟಕ್ಕೆ ಬನ್ನಿ ಎನ್ನಲು ಬಾಯಿ ತೆರೆದೆ, ನಾಲಿಗೆ ಹೊರಳಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಕೊನೆಗೆ, 'ಪಾಟೀಲರೇ, ನಮ್ಮ ಕಂಪ್ಯೂಟರ್ ಕೆಟ್ಟಿದೆ. ಭಾನುವಾರ ಬಂದು ಸ್ವಲ್ಪ ನೋಡ್ತೀರಾ?' ಎಂದೆ.

ಪಾಟೀಲರು, 'ನೋಡೂಣಂತ ಬಿಡ್ರಿ. ಸ್ಕ್ರೂಡ್ರೈವರ್ ನಾ ತರ್ತೀನಿ' ಎಂದರು.